ಗೋಪಮ್ಮನ ಭರಣಿಯಲ್ಲಿ ಮೇಪಲ್ ವೈನು

ಗೋಪಮ್ಮನ ಮೂಗಿನ ಬಗ್ಗೆ ಓಣಿಯಲ್ಲಿ ಎರಡು ಮಾತಿರಲಿಲ್ಲ. ನಾಲ್ಕು ಮನೆ ಆಚೆ ಯಾರ ಒಲೆಯ ಮೇಲೆ ಬೇಳೆ ತಳ ಹಿಡಿಯುತ್ತಿದೆ, ಯಾರ ಮನೆಯ ಹಾಲು ಇನ್ನು ಸ್ವಲ್ಪ ಹೊತ್ತಿಗೆ ಒಡೆಯುತ್ತದೆ, ಬಸ್ಸಿಳಿದು ಬಂದವರು ದಾರಿಯಲ್ಲಿ ಮಿರ್ಚಿ ತಿಂದರೋ ಪೂರಿ ತಿಂದರೋ, ಎಲ್ಲವನ್ನೂ ಆಕೆ ಕಟ್ಟೆಯ ಮೇಲೆ ಕೂತೇ ಹೇಳುತ್ತಿದ್ದಳು. ಸಿಲಿಂಡರ್ ಸೋರುತ್ತಿದೆ ಎಂಬ ಅನುಮಾನ ಬಂದರೆ ಜನ ಗ್ಯಾಸಿನವರಿಗೆ ಫೋನ್ ಮಾಡುವ ಮೊದಲು ಗೋಪಮ್ಮನನ್ನು ಕರೆಯುತ್ತಿದ್ದರು. ಇಂಥ ಮೂಗಿನ ಜೊತೆ ಸಂಸಾರ ಮಾಡುವುದೆಂದರೆ ಏನು ಎಂಬುದು ಓಣಿಯವರಿಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಆಕೆಯ ಗಂಡ ಮೂಕಪ್ಪನಿಗೆ ಮಾತ್ರ.

ಮೂಕಪ್ಪ ಈಗ ನಿವೃತ್ತ ಅಟೆಂಡರ್. ಬಿಳಿ ಅಂಗಿ, ಬಿಳಿ ಧೋತ್ರ, ಕನ್ನಡಕ. ಭಾನುವಾರ ಬೆಳಿಗ್ಗೆ ಓಣಿಯ ಬುದ್ಧವಿಹಾರದಲ್ಲಿ ಮುಂದೆ ಕೂತು ಪಂಚಶೀಲ ಹೇಳಿಸುವವನು ಅವನೇ. ಆದರೆ ಪ್ರಾಯದಲ್ಲಿ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ, ಭತ್ತದ ಚೀಲ ಹೊರುವ ಹಮಾಲನಾಗಿದ್ದ. ಹಗಲೆಲ್ಲ ಬೆನ್ನು ಗಳಿಸಿದ್ದನ್ನು ಸಂಜೆ ಗಂಟಲು ಕುಡಿದು ಮುಗಿಸುತ್ತಿತ್ತು. ಹೆಂಡ ಮಾರುವ ಸೇಂದಿ ಅಂಗಡಿಯಲ್ಲಿ ಕೂರದೆ ಮನೆಗೆ ಬಂದ ದಿನವೇ ಇರಲಿಲ್ಲ. ಒಂದು ದಿನ ಗೋಪಮ್ಮ ಎಳೆಯ ಮಗ ಶೇಖರನನ್ನು ಕಂಕುಳಲ್ಲಿ ಎತ್ತಿಕೊಂಡು, ದೇವದುರ್ಗ ತಾಲೂಕಿನ ಮಸರಕಲ್ಲಿನ ತವರುಮನೆಗೆ ಹೋಗಿಬಿಟ್ಟಳು. ಕರೆತರಲು ಹೋದ ಮೂಕಪ್ಪನಿಗೆ ಬಾಗಿಲಲ್ಲಿ ಅಡ್ಡ ನಿಂತವನು ಆಕೆಯ ತಮ್ಮ ಹುಸೇನಪ್ಪ. ಆಗಿನ್ನೂ ಮೀಸೆ ಮೂಡುತ್ತಿದ್ದ ಹುಡುಗ, ಆದರೆ ಸಿಟ್ಟು ಮಾತ್ರ ಪೂರ್ತಿ ಬೆಳೆದಿತ್ತು.

ಇನ್ನು ಕುಡಿಯುವುದಿಲ್ಲವೆಂದು ಮೂಕಪ್ಪ ಹಿರಿಯರ ಮುಂದೆ ಪ್ರಮಾಣ ಮಾಡಿದ. ರಾಯಚೂರಿಗೆ ಬಂದಿದ್ದ ಬೌದ್ಧ ಭಿಕ್ಷು, ಭಂತೇಜಿಯ ಮುಂದೆ ಐದು ಶೀಲ ತೆಗೆದುಕೊಂಡ. ಗೋಪಮ್ಮ ಮರಳಿ ಬಂದಳು, ಒಂದು ಷರತ್ತಿನ ಮೇಲೆ. ಸಂಜೆ ಹೊಸ್ತಿಲು ದಾಟುವ ಮೊದಲು ಗಂಡ ನಿಲ್ಲಬೇಕು, ಬಾಯಿ ತೆರೆಯಬೇಕು.

"ಹಾ ಅನ್ನು."

"ಹಾ."

ಆ ಮೂಗಿನ ಮುಂದೆ ಅವನು ವರ್ಷಗಟ್ಟಲೆ ಹೀಗೆ ಬಾಯಿ ತೆರೆದ. ಜ್ವರ ಬಂದಾಗಲೂ ತೆರೆದ, ಬೀಗರು ಬಂದು ಒಳಗೆ ಕೂತಿದ್ದಾಗಲೂ ತೆರೆದ. ಆಮೇಲೆ ಒಂದು ಸಂಜೆ, ಯಾವ ಹಬ್ಬವೂ ಅಲ್ಲದ ಸುಮ್ಮನೆ ಒಂದು ಸಂಜೆ, ಅವನು ಅಭ್ಯಾಸದಂತೆ ಹೊಸ್ತಿಲಲ್ಲಿ ನಿಂತು ಬಾಯಿ ತೆರೆದರೆ ಗೋಪಮ್ಮ, "ಏನದು ಬಾಯಿ ತಕ್ಕೊಂಡು ನಿಂತೀದಿ? ಒಳಗ ಬಾ, ರೊಟ್ಟಿ ಆರ್ತಾವ" ಎಂದುಬಿಟ್ಟಳು. ಅಷ್ಟೇ. ಆ ಎರಡು ಶಬ್ದ ಮತ್ತೆಂದೂ ಆಕೆಯ ಬಾಯಿಂದ ಬರಲಿಲ್ಲ. ಅಟೆಂಡರ್ ಕೆಲಸದ ಆರ್ಡರು ಕೈಗೆ ಬಂದ ದಿನಕ್ಕಿಂತ ಮೂಕಪ್ಪನಿಗೆ ಆ ದಿನವೇ ದೊಡ್ಡದು. ಬದುಕಿನಲ್ಲಿ ಗಳಿಸಿದ್ದೇನು ಎಂದು ಯಾರಾದರೂ ಕೇಳಿದ್ದರೆ ಅವನು ಮನೆ ತೋರಿಸುತ್ತಿರಲಿಲ್ಲ, ಇದನ್ನೇ ಹೇಳುತ್ತಿದ್ದ. ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಇಂಥ ನೆಮ್ಮದಿಗೆ ಕಲ್ಲು ಬಿದ್ದದ್ದು ದೂರದ ಕೆನಡಾ ದೇಶದಿಂದ.

ಮಗ ಶೇಖರ ಈಗ ದೇವದುರ್ಗದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರು. ಸೊಸೆ ಸುಮಂಗಲಾ ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ ಶಾಲಾ ಶಿಕ್ಷಕಿ. ಬೆಳಗಾದರೆ ಒಬ್ಬರು ಆ ಬಸ್ಸು, ಒಬ್ಬರು ಈ ಬಸ್ಸು. ಶೇಖರನ ಬಾಲ್ಯದ ಗೆಳೆಯ ಮುದಸ್ಸಿರ್ ಸ್ಟೇಷನ್ ರಸ್ತೆಯಲ್ಲಿ ಒಂದು ಸೂಪರ್ ಮಾರ್ಕೆಟ್ ನಡೆಸುತ್ತಿದ್ದ. ಜೇನುತುಪ್ಪ ತರಿಸಲೆಂದು ಮೊಬೈಲಿನಲ್ಲಿ ಆರ್ಡರು ಹಾಕುವಾಗ ಅವನು ಹೆಸರು ಓದದೆ ಬಾಟಲಿಯ ಬಣ್ಣ ನೋಡಿ ಒತ್ತಿಬಿಟ್ಟ. ಬಂದದ್ದು ಒಂದು ಪೆಟ್ಟಿಗೆ ಮೇಪಲ್ ಸಿರಪ್. ಕೆನಡಾದಲ್ಲಿ ಮೇಪಲ್ ಎಂಬ ಮರವನ್ನು ಕೊರೆದು, ಅದರ ರಸ ಇಳಿಸಿ, ಕಾಯಿಸಿ ಮಾಡಿದ ಪಾಕ. ರಾಯಚೂರಿನ ಜನ ಅದನ್ನು ಎತ್ತಿ ನೋಡಿ, "ಇದು ಕೆಮ್ಮಿಗೇನ್ರಿ?" ಎಂದು ಕೇಳಿ ಕೆಳಗಿಡುತ್ತಿದ್ದರು. ಪಕ್ಕದ ಮನೆಯ ಜಾಹೆದಾ ಒಬ್ಬಳೇ ನಿಜಕ್ಕೂ ಗಂಡನ ಕೆಮ್ಮಿಗೆ ಕೊಂಡೊಯ್ದಳು. ಗಂಡನ ಕೆಮ್ಮು ವಾಸಿಯಾಗಿ ಆಕೆ ಇನ್ನೊಂದು ಬಾಟಲಿ ಕೇಳಿಕೊಂಡು ಬಂದಳು. ವ್ಯಾಪಾರ ಆ ಎರಡು ಬಾಟಲಿಗೇ ನಿಂತಿತು.

"ಶೇಖರ್, ನೀ ಕೆಮಿಸ್ಟ್ರಿ ಕಲಿಸ್ತಿಯಲ್ಲೋ ಯಾರ್. ಇದರಾಗ ಏನರ ಕೆಮಿಸ್ಟ್ರಿ ಮಾಡು. ತಾರೀಖು ಮುಗಿಯಾಕ ಬಂದದ" ಎಂದು ಮುದಸ್ಸಿರ್ ಇಡೀ ಪೆಟ್ಟಿಗೆಯನ್ನೇ ಗೆಳೆಯನ ಗಾಡಿಗೆ ಕಟ್ಟಿ ಕಳಿಸಿದ.

ಮನೆಯಲ್ಲಿ ಮೊದಲು ದೋಸೆಗೆ ಹಚ್ಚಿದರು, ಆಮೇಲೆ ಹೋಳಿಗೆಗೆ, ಕೊನೆಗೆ ಜೋಳದ ರೊಟ್ಟಿಗೆ. ಗೋಪಮ್ಮ ಬೆರಳ ತುದಿಯಲ್ಲಿ ನೆಕ್ಕಿ ಮುಖ ಕಿವಿಚಿದಳು. "ಬೆಲ್ಲಕ್ಕ ಹೊಗಿ ಹಿಡದಂಗ ಅದ. ಕಟಿಗಿ ವಾಸನಿ. ಮರದ ರಸ ಕುಡಿಯಾಕ ನಾವೇನು ಗೆದ್ದಲೇನು?"

ಅಲ್ಲಿಗೆ ಆ ಪೆಟ್ಟಿಗೆ ಮಾಳಿಗೆಯ ಮೇಲಿನ ಖೋಲಿ ಸೇರಿತು. ಆ ಖೋಲಿ ಮನೆಯ ಹಳೆಯ ಸಾಮಾನಿನ ಜಾಗ. ಅಲ್ಲೇ ಗೋಪಮ್ಮನ ಉಪ್ಪಿನಕಾಯಿ ಭರಣಿಯೂ ಇತ್ತು: ಮೇಲೆ ಕಂದು, ಕೆಳಗೆ ಬಿಳಿ, ಎರಡು ಕೈ ಚಾಚಿ ತಬ್ಬಿಕೊಳ್ಳುವಷ್ಟು ಗಾತ್ರ. ತವರಿನಿಂದ ಬಂದದ್ದು. ಮಾವಿನಕಾಯಿ ಕಾಲ ಮುಗಿದ ಮೇಲೆ ಮತ್ತೆ ಮಾವಿನಕಾಯಿ ಬರುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಬೇಸಿಗೆ ರಜೆ ಬಂತು. ಬುದ್ಧಪೂರ್ಣಿಮೆಗೆ ಈ ಸಲ ಮೂಕಪ್ಪನ ಅಂಗಳದಲ್ಲೇ ಎಲ್ಲರೂ ಸೇರುವುದೆಂದು ಓಣಿಯವರು ತೀರ್ಮಾನಿಸಿದ್ದರು. ಅಂಗಳಕ್ಕೆ ನೆರಳು ಕಟ್ಟಲು ಹಳೆಯ ತಾಡಪತ್ರಿ ಇದೆಯೇ ನೋಡೋಣವೆಂದು ಒಂದು ಮಧ್ಯಾಹ್ನ ಮೂಕಪ್ಪ ಮಾಳಿಗೆ ಹತ್ತಿ ಖೋಲಿಯ ಬಾಗಿಲು ತೆರೆದ.

ಬುಳುಕ್.

ಇಲಿಯಿರಬೇಕೆಂದು ಚಪ್ಪಲಿ ಕೈಗೆತ್ತಿಕೊಂಡ. ಮತ್ತೆ ಬುಳುಕ್. ಮೂಲೆಯಲ್ಲಿ ಒದ್ದೆ ಗೋಣಿಚೀಲ ಸುತ್ತಿದ ಒಂದು ದೊಡ್ಡ ನೀರಿನ ಕ್ಯಾನು ಕೂತಿತ್ತು. ಅದರ ಮುಚ್ಚಳದಿಂದ ಸಲೈನ್ ಹಚ್ಚುವ ನಳಿಗೆಯೊಂದು ಹೊರಟು ಪಕ್ಕದ ಬಾಟಲಿಯ ನೀರಿನಲ್ಲಿ ಮುಳುಗಿತ್ತು. ನಳಿಗೆಯ ತುದಿಯಿಂದ ಗುಳ್ಳೆ ಎದ್ದು ಎದ್ದು ಒಡೆಯುತ್ತಿದ್ದವು. ಮೂಕಪ್ಪ ಬಗ್ಗಿದ. ವಾಸನೆ ಬಂತು.

ಅವನಿಗೆ ಗಂಜಿನ ಸಂಜೆಗಳು ಒಟ್ಟಿಗೇ ನೆನಪಾದವು. ಒಂದು ಗಳಿಗೆ, ಒಂದೇ ಗಳಿಗೆ, ಅವನ ಬಾಯಲ್ಲಿ ನೀರೂರಿತು. ತನ್ನ ಬಾಯಿಯ ಮೇಲೆಯೇ ಅವನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಭಯ ಬಂತು, ಅದು ಹೋಗಲಿಲ್ಲ.

ಸಂಜೆ ಶೇಖರ ಬಂದ ಕೂಡಲೇ ತೋಳು ಹಿಡಿದು ಮಾಳಿಗೆಗೆ ಎಳೆದೊಯ್ದ.

"ಏನಲೇ ಇದು?"

ಶೇಖರ ಕ್ಯಾನಿನ ಕಡೆ ನೋಡಿದ, ಅಪ್ಪನ ಕಡೆ ನೋಡಿದ. ಸುಳ್ಳು ಹೇಳುವುದು ಅವನಿಗೆ ಮೊದಲಿನಿಂದಲೂ ಬರುತ್ತಿರಲಿಲ್ಲ. "ವೈನ್, ಯಪ್ಪಾ. ಆ ಸಿರಪ್ಪಿನಿಂದ ಮಾಡಾಕತ್ತೀನಿ."

"ಕುಡಿಯಾಕೇನು?"

"ಇಲ್ಲಪ್ಪ. ಆಗ್ತದೋ ಇಲ್ಲೋ ನೋಡಾಕ."

"ನೋಡಾಕಂತ ಹೆಂಡ ಮಾಡೋನ್ನ ನಾ ಇವತ್ತ ನೋಡಿದ್ದು."

ಆದರೆ ಶೇಖರನಿಗೆ ಆಗಲೇ ಪಾಠದ ಉಮೇದು ಹತ್ತಿತ್ತು. ಸಿರಪ್ಪಿನಲ್ಲಿ ಸಕ್ಕರೆ ಹೆಚ್ಚು, ಅದು ಹಾಗೇ ಇದ್ದರೆ ಹುಳಿಯುವುದಿಲ್ಲ. ಕಾಯಿಸಿ ಆರಿಸಿದ ನೀರು ಬೆರೆಸಿ ತೆಳುವಾಗಿಸಬೇಕು. ಆ ಪಾಕಕ್ಕೆ ಹಣ್ಣಿನ ಹುಳಿಯಿಲ್ಲ, ಅದಕ್ಕೆ ನಿಂಬೆರಸ ಹಿಂಡಬೇಕು. ದ್ರಾಕ್ಷಿಯ ಒಗರಿಲ್ಲ, ಅದಕ್ಕೆ ಗಟ್ಟಿ ಕರಿ ಚಹಾದ ಡಿಕಾಕ್ಷನ್. ಈಸ್ಟಿನ ಹೊಟ್ಟೆಗೆ ಒಂದು ಹಿಡಿ ಒಣದ್ರಾಕ್ಷಿ. ಈಸ್ಟು ಸಕ್ಕರೆ ತಿನ್ನುತ್ತದೆ, ಗಾಳಿ ಬಿಡುತ್ತದೆ, ಆ ಗಾಳಿಯೇ ಈ ಗುಳ್ಳೆ. ರಾಯಚೂರಿನ ಬಿಸಿಲಿಗೆ ಈಸ್ಟು ಸಾಯಬಾರದೆಂದು ದಿನಕ್ಕೆ ನಾಲ್ಕು ಸಲ ಗೋಣಿ ತೋಯಿಸುತ್ತಿದ್ದೇನೆ, ಎಂದೆಲ್ಲ ಅವನು ಕೈ ಆಡಿಸಿ ಹೇಳಿದ. ಚಿಕ್ಕವನಿದ್ದಾಗ ಸೀಮೆಸುಣ್ಣ ಕುಟ್ಟಿ ನಿಂಬೆರಸದಲ್ಲಿ ಹಾಕಿ ನೊರೆ ಬರಿಸಿ ಓಡಿಬಂದು ತೋರಿಸಿದ್ದ ಮುಖವೇ ಇದು. ಮೂಕಪ್ಪನಿಗೆ ಬೈಗುಳ ಗಂಟಲಲ್ಲೇ ಮೆತ್ತಗಾಯಿತು.

"ಸುಮಂಗಲಾಗ ಗೊತ್ತೇನು?"

"ಗೊತ್ತದ. 'ನಾ ಏನೂ ನೋಡಿಲ್ಲ, ನನಗೇನೂ ಗೊತ್ತಿಲ್ಲ' ಅಂದಾಳ."

"ಶಾಣ್ಯಾಕಿ. ನೋಡಪ್ಪ, ಇದನ್ನ ಈಗ ಚೆಲ್ಲು. ನಿಮ್ಮವ್ವಗ ವಾಸನಿ ಬಂತಂದ್ರ ಯಾರ ಕಡಿ ನೋಡ್ತಾಳ? ನಿನ್ನ ಕಡಿ ನೋಡಂಗಿಲ್ಲ. ನನ್ನ ಕಡಿ ನೋಡ್ತಾಳ. 'ಹಾ ಅನ್ನು' ಅಂತಾಳ." ಹೇಳುತ್ತ ಹೇಳುತ್ತ ಮೂಕಪ್ಪನ ದನಿ ಒಡೆಯಿತು. "ಈ ವಯಸ್ಸಿನಾಗ ಆ ಮಾತು ಕೇಳೋ ಶಕ್ತಿ ನನಗಿಲ್ಲಲೇ."

ಶೇಖರ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, "ಇನ್ನೊಂದೀಟು ದಿನ, ಯಪ್ಪಾ. ಗುಳ್ಳಿ ಕಮ್ಮಿ ಆಗ್ಯಾವ. ತಿಳಿ ಆಗಾಕತ್ತದ" ಎಂದ.

ಚೆಲ್ಲಿಸಬೇಕಿತ್ತು. ಮೂಕಪ್ಪನ ಕೈಯಲ್ಲಿ ಆಗಲಿಲ್ಲ. ಮಗನ ಮುಖ ನೋಡಿ ಸೋಲುವುದು ಅವನ ಹಳೆಯ ರೋಗ.

ಮರುದಿನದಿಂದ ಮೂಕಪ್ಪ ವಾಸನೆಯ ವಿರುದ್ಧ ಯುದ್ಧ ಹೂಡಿದ. ಬೆಳಿಗ್ಗೆ ಒಂದು ಕಟ್ಟು, ಸಂಜೆ ಒಂದು ಕಟ್ಟು ಊದಿನಕಡ್ಡಿ ಹಿಡಿದು ಮಾಳಿಗೆ ಹತ್ತುತ್ತಿದ್ದ. ಯಾಕೆಂದು ಹೆಂಡತಿ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿದ: "ಧ್ಯಾನ." ಹೇಳಿದ ಮೇಲೆ ಕೂರಲೇಬೇಕಲ್ಲ. ಕಾದ ಖೋಲಿಯಲ್ಲಿ, ಹೊಗೆಯ ನಡುವೆ, ಬುಳುಕ್ ಬುಳುಕ್ ಕೇಳುತ್ತ ಬೆವರು ಸುರಿಸಿಕೊಂಡು ಕೂರುತ್ತಿದ್ದ. ಕೆಳಗಿಳಿದು ಬರುವಾಗ ಕಣ್ಣು ಕೆಂಪಾಗಿರುತ್ತಿದ್ದವು, ಮುಖ ಬಾಡಿರುತ್ತಿತ್ತು. ಓಣಿಯವರು ಅದನ್ನು ತೇಜಸ್ಸು ಎಂದು ತಿಳಿದರು. "ಮೂಕಪ್ಪನವರು ಈ ಬಿಸಿಲಾಗ ಮಾಳಿಗಿ ಮ್ಯಾಲ ಕುಂತು ಧ್ಯಾನ ಮಾಡಾಕತ್ತಾರಂತ" ಎಂಬ ಸುದ್ದಿ ಹಬ್ಬಿ, ಎದುರಿಗೆ ಸಿಕ್ಕ ಹುಡುಗರು ಕೈಮುಗಿಯತೊಡಗಿದರು. ಪ್ರತಿ ನಮಸ್ಕಾರಕ್ಕೂ ಮೂಕಪ್ಪನ ಎದೆ ಇನ್ನಷ್ಟು ಕುಸಿಯುತ್ತಿತ್ತು.

ಗೋಪಮ್ಮ ಮಾತ್ರ ಮೂಗು ಅರಳಿಸಿ ಮಾಳಿಗೆಯ ಕಡೆ ನೋಡುತ್ತಿದ್ದಳು. "ಎಂಥಾ ಊದಿನಕಡ್ಡಿ ಅದು? ಸೀದು ಹೋದ ಬೆಲ್ಲದಂಗ ಬರ್ತದ."

"ಸ್ವಸ್ತಾದ್ದು, ಕಮ್ಮಿ ರೊಕ್ಕದ್ದು," ಎಂದ ಮೂಕಪ್ಪ.

"ಮಂಡಿ ನೋವಿಲ್ದಿದ್ರ ನಾನ ಹತ್ತಿ ನೋಡ್ತಿದ್ದೆ," ಎಂದಳು ಗೋಪಮ್ಮ. ಹೆಂಡತಿಯ ಮಂಡಿನೋವಿಗೆ ಮೂಕಪ್ಪ ಮೊದಲ ಸಲ ಮನಸ್ಸಿನಲ್ಲೇ ಋಣಿಯಾದ. ಆದ ಮರುಕ್ಷಣ ನಾಚಿಕೆಪಟ್ಟು ಸಂಜೆ ತಾನೇ ಆಕೆಯ ಮಂಡಿಗೆ ಎಣ್ಣೆ ತಿಕ್ಕಿದ.

ಪೂರ್ಣಿಮೆ ಹತ್ತಿರ ಬಂತು. ಒಂದು ಬೆಳಿಗ್ಗೆ ಮೂಕಪ್ಪ ಮೇಲೆ ಹೋದರೆ ಬುಳುಕ್ ಸದ್ದಿಲ್ಲ. ಕ್ಯಾನು ಖಾಲಿಯಾಗಿ, ತೊಳೆದು, ಬೋರಲು ಬಿದ್ದಿತ್ತು. ಅವನಿಗೆ ಹೋದ ಜೀವ ಬಂದಂತಾಯಿತು. ಇಳಿದು ಬಂದು ಮಗನ ಬೆನ್ನು ತಟ್ಟಿದ. "ಚೆಲ್ಲಿದೆಲ್ಲ, ಚಲೋ ಮಾಡಿದಿ."

"ಚೆಲ್ಲಿಲ್ಲ, ಯಪ್ಪಾ. ತಿಳಿ ಆಗಿತ್ತು, ಬಸಿದು ಬ್ಯಾರೆದಕ್ಕ ಹಾಕೀನಿ. ಪ್ಲಾಸ್ಟಿಕ್ಕಿನಾಗ ಬಾಳ ದಿನ ಇಡಬಾರದು, ಪಿಂಗಾಣಿ ಆದ್ರ ಚಲೋ."

"ಪಿಂಗಾಣಿ?" ಮೂಕಪ್ಪ ಕೇಳಿದ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು. "ಯಾವ ಪಿಂಗಾಣಿ?"

"ಅವ್ವನ ಭರಣಿ."

ಶೇಖರ ಸಮಾಧಾನ ಮಾಡಿದ. ಮಾವಿನಕಾಯಿ ಇನ್ನೂ ಬಂದಿಲ್ಲ. ಮುದಸ್ಸಿರ್ ಖಾಲಿ ಗಾಜಿನ ಬಾಟಲಿ ಕೂಡಿಸುತ್ತಿದ್ದಾನೆ, ಪೂರ್ಣಿಮೆ ಮುಗಿದ ಮರುದಿನವೇ ತುಂಬಿಸಿ ಸಾಗಿಸಿ, ಭರಣಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಇಡುತ್ತೇನೆ. ನಾಲಿಗೆ ತುದಿಗೆ ಹಚ್ಚಿ ನೋಡಿದಾಗ ಸಿಹಿ ಪೂರಾ ಹೋಗಿತ್ತು, ಅದಕ್ಕೇ ಉಳಿದ ಎರಡು ಬಾಟಲಿ ಸಿರಪ್ಪನ್ನೂ ಸುರಿದಿದ್ದೇನೆ. ವಾಸನೆಯ ಚಿಂತೆ ಇನ್ನು ಬೇಡ: "ಅವ್ವ ಉಪ್ಪಿನಕಾಯಿಗೆ ಮುಚ್ಚತಾಳಲ್ಲ, ಹಂಗ ಮುಚ್ಚೀನಿ. ಮುಚ್ಚಳದ ಸುತ್ತ ಕಣಕ ಮೆತ್ತಿ, ಮ್ಯಾಲ ಅರಿವಿ ಹಾಕಿ, ಹುರಿಯಿಂದ ಜಗ್ಗಿ ಕಟ್ಟೀನಿ. ಗಾಳಿ ಹೋಗಂಗಿಲ್ಲ, ಬರಂಗಿಲ್ಲ."

ಕೆಮಿಸ್ಟ್ರಿ ಲೆಕ್ಚರರು ಇಲ್ಲಿ ಕೆಮಿಸ್ಟ್ರಿ ಮರೆತು ಅವ್ವನ ಮಗನಾಗಿಬಿಟ್ಟಿದ್ದ. ಉಪ್ಪಿನಕಾಯಿಗೆ ಗಾಳಿ ಸೋಕಬಾರದು, ಅದು ಗೋಪಮ್ಮನ ಕಾನೂನು, ಅವನು ಹುಟ್ಟಿದಾಗಿನಿಂದ ಕೇಳಿದ್ದು. ಆದರೆ ಉಪ್ಪಿನಕಾಯಿ ಉಸಿರಾಡುವುದಿಲ್ಲ. ತಳದಲ್ಲಿ ಅಳಿದುಳಿದ ಈಸ್ಟಿಗೆ ಎರಡು ಬಾಟಲಿ ಹೊಸ ಸಿಹಿ ಸಿಕ್ಕಿತ್ತು, ಮೇಲೆ ರಾಯಚೂರಿನ ಮೇ ತಿಂಗಳ ಮಾಳಿಗೆ ಕಾಯುತ್ತಿತ್ತು. ಗಾಳಿ ಹೋಗಲು ಮಾತ್ರ ಎಲ್ಲೂ ದಾರಿಯಿರಲಿಲ್ಲ.

ಪೂರ್ಣಿಮೆಯ ಬೆಳಿಗ್ಗೆ ಅಂಗಳಕ್ಕೆ ತಾಡಪತ್ರಿ ಕಟ್ಟಿ, ಜಮಖಾನ ಹಾಸಿ, ಬುದ್ಧನ ಫೋಟೊ ಮತ್ತು ಬಾಬಾಸಾಹೇಬರ ಫೋಟೊಗಳಿಗೆ ಹೂವು ಹಾಕಿದ್ದರು. ಓಣಿಯ ಜನ ಬಿಳಿ ಬಟ್ಟೆ ಉಟ್ಟು ಬಂದು ಸಾಲಾಗಿ ಕೂತಿದ್ದರು. ಶೇಖರ ಬೂಂದಿ ಲಾಡು ತರಲು ಬಜಾರಿಗೆ ಹೋಗಿದ್ದ. ಮೂಕಪ್ಪ ಹೊಸ ಬಿಳಿ ಅಂಗಿ ತೊಟ್ಟು ಇನ್ನೇನು ಫೋಟೊಗಳ ಮುಂದೆ ಕೂರಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಆಟೊ ನಿಂತಿತು. ಹುಸೇನಪ್ಪ ಇಳಿದ. ಮಸರಕಲ್ಲಿನಿಂದ ಹಬ್ಬಕ್ಕೆ ಬಂದಿದ್ದ. ಈಗ ಮೀಸೆ ಪೂರ್ತಿ ಬೆಳೆದು ನರೆತಿತ್ತು. ಹೆಗಲ ಮೇಲೆ ಒಂದು ಚೀಲ.

"ಅಕ್ಕಾ, ಮಾವಿನಕಾಯಿ! ಬೆಳಿಗ್ಗೆ ಕಿತ್ತದ್ದು. ಇವತ್ತ ಹೆಚ್ಚಿ ಹಾಕಿದ್ರ ನೋಡು, ವರ್ಷಗಟ್ಲೆ ಕರುಂ ಅಂತಾವ."

ಗೋಪಮ್ಮನ ಮುಖ ಅರಳಿತು. "ಊಟ ಆದ ಕೂಡ್ಲೆ ಹೆಚ್ಚೋಣ. ಹುಸೇನಪ್ಪ, ಮಾಳಿಗಿ ಮ್ಯಾಲಿನ ಖೋಲಿಯಾಗ ಭರಣಿ ಅದ, ಇಳಿಸಿ ಕೊಡು. ತೊಳದು ಬಿಸಿಲಿಗಿಡ್ತೀನಿ."

"ನಾ ತರ್ತೀನಿ!" ಎಂದು ಮೂಕಪ್ಪ ಕೂಗಿದ ರಭಸಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ಯಾರೂ ಏನೂ ಕೇಳುವ ಮೊದಲೇ ಅವನು ಮೆಟ್ಟಿಲು ಹತ್ತಿಯಾಗಿತ್ತು.

ಮೇಲೆ ಹೋಗಿ ಅವನು ಭರಣಿಯನ್ನು ತಬ್ಬಿ ಎತ್ತಿದ. ಚೀಲ ಹೊತ್ತ ಹಳೆಯ ಮೈ, ಭಾರ ಅವನಿಗೆ ಲೆಕ್ಕವಲ್ಲ. ಹಿತ್ತಲಿಗೆ ಒಯ್ದು ಬಚ್ಚಲಲ್ಲಿ ಸುರಿದು ನೀರು ಹೊಡೆದರೆ ಮುಗಿಯಿತು ಎಂಬುದು ಅವನ ಎಣಿಕೆ. ಹಿತ್ತಲಿಗೆ ಹೋಗಲು ಅಂಗಳದ ಅಂಚಿನಿಂದಲೇ ಹಾಯಬೇಕು, ಹಾಯುತ್ತೇನೆ, ಖಾಲಿ ಭರಣಿ ಎಂದುಕೊಳ್ಳುತ್ತಾರೆ. ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಭರಣಿಯ ಒಳಗಿನಿಂದ ಸಣ್ಣಗೆ ಸುಯ್ ಎಂಬ ಸದ್ದು ಬರುತ್ತಿರುವುದು ಅವನಿಗೆ ಆಗ ಕೇಳಿಸಿತು.

ಅರ್ಧ ಇಳಿಯುವಷ್ಟರಲ್ಲಿ ಹುಸೇನಪ್ಪ ಎದುರಾದ. "ಕೊಡು ಮಾವ, ನಾ ಹಿಡೀತೀನಿ. ಈ ವಯಸ್ಸಿನಾಗ ನೀ ಹೊರಬಾರದು."

"ಬ್ಯಾಡ ಬಿಡೋ, ನನಗೇನೂ ಭಾರಿಲ್ಲ."

"ಕೊಡಂದ್ರ. ಜನ ನೋಡಾಕತ್ಯಾರ. ಹೆಂಡ್ತಿ ತಮ್ಮ ಖಾಲಿ ಕೈಯಾಗ, ಮಾವ ಹೊತ್ತಾನ ಅಂತಾರ."

"ಅನ್ನಲಿ ಬಿಡೋ!"

"ಮಾವ, ನೀ ಕೊಡಬೇಕು."

ಹುಸೇನಪ್ಪ ಮರ್ಯಾದೆಗೆ ಹಿಡಿದು ಜಗ್ಗಿದ. ಮೂಕಪ್ಪ ಪ್ರಾಣ ಹಿಡಿದುಕೊಂಡವನಂತೆ ಜಗ್ಗಿದ. ಭರಣಿ ಅತ್ತ ಹೋಯಿತು, ಇತ್ತ ಬಂತು, ಮತ್ತೊಮ್ಮೆ ಅತ್ತ ಹೋಯಿತು. ಆಮೇಲೆ ಢಬ್ ಎಂದಿತು.

ಮುಚ್ಚಳ ತಾಡಪತ್ರಿಗೆ ಹೊಡೆದು ಅಂಗಳದ ಮೂಲೆಯಲ್ಲಿ ಬಿದ್ದು ಎರಡು ಹೋಳಾಯಿತು. ಹಿಂದೆಯೇ ಕಂದು ಬಣ್ಣದ ನೊರೆ ಬುಸ್ಸೆಂದು ಎದ್ದು ಮೂಕಪ್ಪನ ತಲೆ, ಕನ್ನಡಕ, ಹೊಸ ಬಿಳಿ ಅಂಗಿ, ಧೋತ್ರ ಎಲ್ಲವನ್ನೂ ತೋಯಿಸಿ, ಉಳಿದದ್ದು ಹುಸೇನಪ್ಪನ ಮೀಸೆಗೆ ಸಿಡಿದು, ಮೆಟ್ಟಿಲ ಮೇಲಿಂದ ಹರಿದು ಜಮಖಾನದ ಅಂಚಿಗೆ ಬಂದು ನಿಂತಿತು. ಸಿಹಿ, ಹುಳಿ, ಒಗರು ಎಲ್ಲ ಬೆರೆತ ಘಾಟು ಅಂಗಳ ತುಂಬಿತು. ಅದೇನೆಂದು ತಿಳಿಯಲು ಗೋಪಮ್ಮನ ಮೂಗು ಬೇಕಿರಲಿಲ್ಲ, ನೆಗಡಿಯಾದವನಿಗೂ ತಿಳಿಯುತ್ತಿತ್ತು.

"ನನ್ನ ಭರಣಿ!" ಎಂಬುದು ಗೋಪಮ್ಮನ ಮೊದಲ ಮಾತು. ಭರಣಿ ಇಬ್ಬರ ಕೈಯಲ್ಲೂ ಭದ್ರವಾಗಿತ್ತು.

ಹುಸೇನಪ್ಪ ಮೀಸೆ ಒರೆಸಿಕೊಂಡು, ಮೂಸಿ, ಅಕ್ಕನ ಗಂಡನನ್ನು ಮೇಲಿಂದ ಕೆಳಗೆ ನೋಡಿದ. ಅಂದು ಬಾಗಿಲಿಗೆ ಅಡ್ಡ ನಿಂತಿದ್ದ ಹುಡುಗ ಅವನ ಕಣ್ಣಲ್ಲಿ ಎದ್ದು ಬಂದ. "ಅಕ್ಕ ಫೋನಿನಾಗ ಹೇಳಿದ್ದ ನಿನ್ನ ಧ್ಯಾನ ಇದೇನು? ದಿನಾ ಮಾಳಿಗಿ ಹತ್ತಿ ಮಾಡ್ತಿದ್ದದ್ದು ಇದನ್ನೇನು? ಅಕ್ಕಾ, ನಾ ಅವತ್ತ ಹೇಳಿದ್ದೆ, ಕುಡಕರ ಮಾತು ನಂಬಬ್ಯಾಡ ಅಂತ. ಹಾ ಅನ್ನಸು ಇವನ್ನ. ಎಲ್ಲಾರ ಮುಂದ ಹಾ ಅನ್ನಸು!"

ನಿನ್ನೆ ಕೈಮುಗಿದಿದ್ದ ಹುಡುಗರು ಬಾಯಿ ತೆರೆದು ನೋಡುತ್ತಿದ್ದರು. ಮೂಕಪ್ಪ ಭರಣಿಯನ್ನು ಮೆಲ್ಲಗೆ ಕೆಳಗಿಟ್ಟ. ಗದ್ದದಿಂದ ವೈನು ತೊಟ್ಟಿಕ್ಕುತ್ತಿತ್ತು. ಶೇಖರನ ಹೆಸರು ನಾಲಿಗೆಯವರೆಗೆ ಬಂತು. ಮಗನನ್ನು ಇಷ್ಟು ಜನರ ಮುಂದೆ ತೋರಿಸಿ ತಾನು ಉಳಿದುಕೊಳ್ಳುವುದೇ?

ಅವನು ಹೇಳಲಿಲ್ಲ. ಮೆಟ್ಟಿಲಿಳಿದು, ಒದ್ದೆ ಧೋತ್ರ ಎಳೆಯುತ್ತ ಹೊಸ್ತಿಲವರೆಗೆ ಬಂದು, ಎಷ್ಟೋ ವರ್ಷದ ಹಿಂದೆ ನಿಲ್ಲುತ್ತಿದ್ದ ಅದೇ ಜಾಗದಲ್ಲಿ ಹೆಂಡತಿಯ ಮುಂದೆ ನಿಂತ. ಆಕೆ ಕೇಳುವುದನ್ನು ಕೇಳಿಸಿಕೊಳ್ಳುವುದಕ್ಕಿಂತ ತಾನೇ ಮಾಡಿಬಿಡುವುದು ಮೇಲು ಅನ್ನಿಸಿತು. ಕಣ್ಣು ಮುಚ್ಚಿ ಬಾಯಿ ತೆರೆದ.

ಆ 'ಹಾ' ಹೊರಬರುವ ಮೊದಲೇ ಗೋಪಮ್ಮನ ಅಂಗೈ ಅವನ ಬಾಯಿಯನ್ನು ಮುಚ್ಚಿತು.

"ಬಾಯಿ ಮುಚ್ಚು. ಯಾರು ಕೇಳಿದ್ರು ನಿನ್ನ?" ಆಕೆಗೆ ಸಿಟ್ಟು ಬಂದಿತ್ತು. ಕೈ ತೆಗೆಯದೆಯೇ ತಮ್ಮನ ಕಡೆ ತಿರುಗಿದಳು. "ಏಯ್ ಹುಸೇನಪ್ಪ, ಆ ಮಾತು ನನ್ನ ಮನಿಯಾಗ ಮುಗದು ಬಾಳ ದಿವಸ ಆತು. ಅದನ್ನ ಎತ್ತಾಕ ನೀ ಯಾರು? ನನ್ನ ಗಂಡ ಕುಡಿದಿಲ್ಲ."

"ನೀ ಮೂಸೇ ಇಲ್ಲಲ್ಲ, ಅಕ್ಕಾ!"

"ಮೂಸಂಗಿಲ್ಲ."

ಮೂಕಪ್ಪನ ಕಣ್ಣಿಂದ ನೀರು ಇಳಿದದ್ದು ಯಾರಿಗೂ ಕಾಣಿಸಲಿಲ್ಲ. ಮುಖವೆಲ್ಲ ಮೊದಲೇ ಒದ್ದೆಯಾಗಿತ್ತು.

ಗಂಡನನ್ನು ಮೂಸದಿದ್ದರೂ ನೆಲವನ್ನು ಮೂಸುವುದಕ್ಕೆ ಗೋಪಮ್ಮನಿಗೆ ಅಡ್ಡಿಯಿರಲಿಲ್ಲ. ಬಗ್ಗಿ ಮೂಗು ಅರಳಿಸಿದಳು. "ಸೇಂದಿ ಅಲ್ಲ. ನಿಂಬಿಹಣ್ಣು ಅದ, ಕರಿ ಚಾ ಅದ, ದ್ರಾಕ್ಷಿ ಅದ. ನನ್ನ ಭರಣಿಯ ಮೆಂತೆ, ಇಂಗು ಅದ. ಆಮ್ಯಾಲ ಕಟಿಗಿ ವಾಸನಿ..." ನೆಟ್ಟಗೆ ನಿಂತಳು. "ಗೆದ್ದಲ ರಸ! ಎಲ್ಲದಾನವ, ಕೆಮಿಸ್ಟ್ರಿ ಮಾಸ್ತರ?"

ಕೆಮಿಸ್ಟ್ರಿ ಮಾಸ್ತರ ಅದೇ ಹೊತ್ತಿಗೆ ಲಾಡಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎರಡು ಹೋಳಾದ ಮುಚ್ಚಳ ನೋಡಿದ, ಅಪ್ಪನನ್ನು ನೋಡಿದ. "ನಾನ, ಯವ್ವಾ. ಅಪ್ಪಂದೇನೂ ತಪ್ಪಿಲ್ಲ. ಚೆಲ್ಲು ಅಂತ ಅವತ್ತೇ ಹೇಳಿದ್ದ" ಎಂದು ಒಂದೇ ಉಸಿರಿಗೆ ಒಪ್ಪಿಕೊಂಡ. ಆಮೇಲೆ ಮುಚ್ಚಳದ ಅಂಚಿನ ಒಣಕಣಕ ಕಂಡು ಹಣೆ ಬಡಿದುಕೊಂಡ. "ಅಯ್ಯೋ, ಗಾಳಿ!"

"ಉಪ್ಪಿನಕಾಯಿ ಮುಚ್ಚಿದಂಗ ಮುಚ್ಚಿದೇನಲೇ ಇದನ್ನ? ಬಾ ಇಲ್ಲಿ. ಹಾ ಅನ್ನು."

ನಲವತ್ತು ದಾಟಿದ ಲೆಕ್ಚರರು ಇಡೀ ಓಣಿಯ ಮುಂದೆ ಬಾಯಿ ತೆರೆದ. "ಹಾ."

"ಮಂಡಕ್ಕಿ ಒಗ್ಗರಣಿ, ಮ್ಯಾಲೊಂದು ಲಾಡು. ಲಾಡು ಬುದ್ಧನ ಮುಂದ ಇಡೂಕಿಂತ ಮೊದಲ ತಿಂದಾನ. ಹೋಗು. ಹುಸೇನಪ್ಪ, ಇನ್ನ ನೀ ಬಾ."

"ನಾ ಯಾಕಕ್ಕಾ?"

"ಬಾ ಅಂದೆ."

ಹುಸೇನಪ್ಪ ಹಲ್ಲು ಬಿಗಿಹಿಡಿದು ಬಂದ. ಬಾಯಿ ಇಷ್ಟೇ ಇಷ್ಟು ತೆರೆದ. ಗೋಪಮ್ಮ ಮೂಗು ಹತ್ತಿರ ಒಯ್ಯುವುದಕ್ಕೂ ಹೋಗಲಿಲ್ಲ, ಅಲ್ಲಿಂದಲೇ ಹುಬ್ಬೇರಿಸಿದಳು.

"ಮೀಸಿ ಮ್ಯಾಲ ಬಿದ್ದಿತ್ತಕ್ಕಾ," ಎಂದ ಹುಸೇನಪ್ಪ ಸಣ್ಣಗೆ. "ತಾನ ಒಳಗ ಹೋತು." ಸ್ವಲ್ಪ ತಡೆದು ಶೇಖರನ ಕಡೆ ನೋಡಿದ. "ರುಚಿ ಅದ."

ಮೊದಲು ನಕ್ಕವಳು ಸುಮಂಗಲಾ. ಏನೂ ನೋಡಿಲ್ಲ, ಏನೂ ಗೊತ್ತಿಲ್ಲ ಎಂದಿದ್ದವಳು ಕಂಬ ಹಿಡಿದುಕೊಂಡು ನಕ್ಕಳು. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಶೇಖರ ಮಾಡಿದ ಮೇಪಲ್ ವೈನನ್ನು ಈ ಭೂಮಿಯ ಮೇಲೆ ಕುಡಿದ ಒಬ್ಬನೇ ಮನುಷ್ಯ ಎಂಬ ಕೀರ್ತಿ ಮಸರಕಲ್ಲಿನ ಹುಸೇನಪ್ಪನಿಗೆ ಶಾಶ್ವತವಾಗಿ ಉಳಿಯಿತು. ಭರಣಿಯಲ್ಲಿ ಉಳಿದದ್ದು ಬಚ್ಚಲಿಗೆ ಹೋಯಿತು. ಹುಣಸೆಹಣ್ಣು, ಬೂದಿ ಕೊಟ್ಟು ಮಗನನ್ನು ಭರಣಿಯ ಮುಂದೆ ಕೂರಿಸಿದ ಗೋಪಮ್ಮ, "ವಾಸನಿ ಹೋಗೋತನಕ ಏಳಬ್ಯಾಡ" ಎಂದಳು. ಹೋಯಿತೋ ಇಲ್ಲವೋ ಹೇಳುವವಳು ಆಕೆಯೇ ಆದ್ದರಿಂದ ಅವನು ಬೇಗ ಏಳುವ ಆಸೆ ಬಿಟ್ಟ.

"ಜನ ಕಾಯಾಕತ್ಯಾರ, ಮೈ ತೊಳಕೋ ನಡಿ," ಎಂದು ಆಕೆ ಗಂಡನನ್ನು ಹಿತ್ತಲಿಗೆ ಕರೆದೊಯ್ದಳು. ನಲ್ಲಿಯಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಬಿಸಿಲಿಗೆ ಕುದಿಯುತ್ತಿತ್ತು. ಗೋಪಮ್ಮ ಕುಡಿಯುವ ನೀರಿನ ಮಣ್ಣಿನ ಗಡಿಗೆಯನ್ನೇ ಎತ್ತಿ ತಂದಳು. ಮೂಕಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಜಿಗಟು ಕೂದಲನ್ನು ಆಕೆ ಬೆರಳಿನಿಂದ ಬಿಡಿಸತೊಡಗಿದಳು.

"ಒಂದು ಮಾತು ಕೇಳಲೇನು?" ಎಂದ ಮೂಕಪ್ಪ.

"ಕೇಳು."

"ಯಾಕ ಮೂಸಲಿಲ್ಲ? ನಾನ ಬಾಯಿ ತಗದಿದ್ದೆ. ಮೂಸಿದ್ರ ಅಲ್ಲಿಗೇ ಮುಗೀತಿತ್ತು."

ಗೋಪಮ್ಮ ಚೊಂಬು ಗಡಿಗೆಯಲ್ಲಿ ಅದ್ದಿದಳು. "ಮೂಸಿದ್ರ ನಿನ್ನ ಮ್ಯಾಲ ನಂಬಿಕಿ ಇಲ್ಲ ಅಂತ ಆಗತಿತ್ತು. ಅದ ನಂಬಿಕಿ. ಒಂದ ಮಾತು ಎಷ್ಟು ಸಲ ಹೇಳ್ಬೇಕು ನಿನಗ?"

"ಒಂದು ಸಲನೂ ಹೇಳಿಲ್ಲ ನೀ."

"ಈಗ ಹೇಳಿದ್ನಲ್ಲ. ತಲಿ ಬಗ್ಗಸು."

ಮೂಕಪ್ಪ ತಲೆ ಬಗ್ಗಿಸಿದ. ತಣ್ಣನೆಯ ನೀರು ನೆತ್ತಿಯಿಂದ ಬೆನ್ನಿಗೆ ಇಳಿದ ಸುಖಕ್ಕೆ ಅವನಿಗೆ ತಡೆಯಲಾಗಲಿಲ್ಲ. ಎದೆಯಾಳದಿಂದ ಉದ್ದಕ್ಕೆ "ಹಾ" ಎಂದ.

"ಬಾಯಿ ಮುಚ್ಚು, ನೀರು ಹೋಗ್ತದ," ಎಂದಳು ಗೋಪಮ್ಮ.